ಕೊನೆಯ ಸಾಲು

"ಬೆಳಿಗ್ಗೆಯಿಂದ ಒಂದು ರಿಪೋರ್ಟೂ ವಾರ್ಡಿಗೆ ಹೋಗಿಲ್ಲ! ಡಾಕ್ಟ್ರು ಆಪರೇಷನ್ ನಿಲ್ಲಿಸ್ಕೊಂಡು ಕೂತಿದಾರೆ. ಏನ್ರೀ ಮಾಡ್ತಿದೀರಾ ಇಬ್ರೂ?"

ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು. ಒಳಗಿದ್ದವರು ಮಾಸ್ತರು, ಎದುರಿನ ಮೇಜಿನಲ್ಲಿ ಹೊಸದಾಗಿ ಸೇರಿದ ಹುಡುಗಿ. ಮಾಸ್ತರು ಆಗಲೇ ಪ್ರಾಪರ್ಟೀಸ್ ಫೈಲು ತೆರೆದಿದ್ದರು. ಆಸ್ಪತ್ರೆಯ ಸರ್ವರ್ ಯಾವ ವರದಿಯನ್ನು ಎಲ್ಲಿಗೆ ಕಳಿಸಬೇಕೆಂಬುದು ಇರುವುದು ಅದರಲ್ಲೇ. ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ ಸರ್ವರ್ ಕೆಳಗಿನದನ್ನು ನಂಬುತ್ತದೆ. ವಾರ್ಡಿನ ವಿಳಾಸ ಮೇಲಿದ್ದರೂ ಫೈಲಿನ ಕಟ್ಟಕಡೆಗೆ, ಪರೀಕ್ಷೆಗೆಂದು ಇಟ್ಟ ಯಂತ್ರದ ವಿಳಾಸವಿತ್ತು. ನಸುಕಿನಲ್ಲಿ ಸರ್ವರ್ ಮತ್ತೆ ಶುರುವಾದಾಗ ಅದನ್ನೇ ಓದಿಕೊಂಡಿತ್ತು.

ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಫೈಲು ಮುಟ್ಟಿದವರು ಹ್ಯಾಶ್ ಗುರುತು ಹಾಕಿ ಹೆಸರು, ತಾರೀಖು ಬರೆಯಬೇಕು, ಹಳೆಯ ಸಾಲನ್ನು ಅಳಿಸದೆ ಅದರ ಮುಂದೂ ಹ್ಯಾಶ್ ಹಾಕಿ ಮಲಗಿಸಬೇಕು ಎಂದು ಗದರುತ್ತಿದ್ದುದರಿಂದ ಮಾಸ್ತರಾಗಿದ್ದರು. ಹ್ಯಾಶ್ ಇರುವ ಸಾಲನ್ನು ಸರ್ವರ್ ಓದುವುದಿಲ್ಲ, ಅದು ಮನುಷ್ಯರಿಗೆ ಮಾತ್ರ.

"ಆ ವಿಳಾಸದ ಮೇಲೆ ನಿಮ್ಮ ಹೆಸರೇ ಇದೆಯಲ್ಲ ಮಾಸ್ತರೇ. ನಿನ್ನೆ ತಾರೀಖು," ಎಂದರು ಮ್ಯಾನೇಜರು, ಒಳಗೆ ಬಂದು ಪರದೆಗೆ ಬಗ್ಗಿ.

ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ನಿನ್ನೆ ಬೇರೇನೋ ಬದಲಾಯಿಸಿದ್ದು ನೆನಪಿದೆ. ಇದು... ನಾನೇ ಹಾಕಿರ್ಬೇಕು. ಮನೆಯಲ್ಲಿ ಹೆಂಡ್ತೀನೂ ಅಂತಾಳೆ, ಒಲೆ ಮೇಲೆ ಹಾಲಿಟ್ಟು ಮರೀತೀರಾ ಅಂತ." ನಗಲು ನೋಡಿದರು. ಆಗಲಿಲ್ಲ. ವಿಳಾಸದ ಸಾಲಿನ ಮುಂದೆ ಹ್ಯಾಶ್ ಹಾಕಿ, ಸರ್ವರ್ ಮತ್ತೆ ಶುರುಮಾಡಿದರು. ವರದಿಗಳು ಹೊರಟವು.

ಮ್ಯಾನೇಜರು ಹೊರಡುತ್ತಾ ಮೆತ್ತಗೆ ಹೇಳಿದರು: "ಪಾಸ್‌ವರ್ಡುಗಳನ್ನೆಲ್ಲ ಈಕೆಗೆ ಬರೆದುಕೊಟ್ಟುಬಿಡಿ. ನೀವು ಸ್ವಲ್ಪ ಆರಾಮಾಗಿರಿ."

ಆಕೆ ತನ್ನ ಪರದೆಯ ಕಡೆ ತಿರುಗಿ ಕೂತಳು. ಹಿಂದಿನ ಸಂಜೆ ಮಾಸ್ತರು ಹೋದ ಮೇಲೆ, ಪರೀಕ್ಷಿಸಿ ನೋಡಲೆಂದು ಆ ವಿಳಾಸವನ್ನು ಅವರ ಸಾಲಿನ ಕೆಳಗೆ ಸೇರಿಸಿದ್ದು ಅವಳು. ಬಸ್ಸಿಗೆ ತಡವಾಯಿತೆಂದು ಹೆಸರೂ ಬರೆಯದೆ, ಸಾಲನ್ನೂ ಮಲಗಿಸದೆ ಎದ್ದುಹೋಗಿದ್ದಳು. ಈಗ ಒಪ್ಪಿಕೊಂಡರೆ ನೌಕರಿಯೇ ಹೋದೀತು. ಕೆಲಸ ಸೇರಿ ಐದೇ ತಿಂಗಳು.

ಎದುರಿನ ಮೇಜಿನಲ್ಲಿ ಮಾಸ್ತರು ಹಾಳೆಯ ಮೇಲೆ ಒಂದು ಪಾಸ್‌ವರ್ಡು ಬರೆದು ಪೆನ್ನು ನಿಲ್ಲಿಸಿದರು. ಬೆರಳಿನಲ್ಲಿ ಹಣೆ ಒತ್ತಿಕೊಂಡು, ಬರೆದದ್ದನ್ನೇ ಮತ್ತೆ ಮತ್ತೆ ಓದಿದರು, ಅದೂ ತಪ್ಪಿರಬಹುದೆಂಬಂತೆ.

ಆಕೆ ಫೈಲು ತೆರೆದಳು. ಅವರ ಸಾಲಿಗೂ ಮಲಗಿದ ವಿಳಾಸಕ್ಕೂ ನಡುವೆ ಜಾಗ ಮಾಡಿ ಹ್ಯಾಶ್ ಒತ್ತಿದಳು. ತನ್ನ ಹೆಸರು, ನಿನ್ನೆಯ ತಾರೀಖು.

"ಸರ್, ಮ್ಯಾನೇಜರನ್ನ ಕರೀತೀನಿ. ಅದಕ್ಕೆ ಮುಂಚೆ ನೀವೊಂದ್ಸಲ ನೋಡಿ."

ಮಾಸ್ತರು ಬಂದು ಬಗ್ಗಿದರು. ತುಟಿಯಲ್ಲೇ ಓದಿದರು.

"ತಾರೀಖಿನ ಪಕ್ಕ ಹೊತ್ತನ್ನೂ ಹಾಕಮ್ಮ," ಎಂದರು.

ತಮ್ಮ ಮೇಜಿಗೆ ಹೋಗಿ, ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ, ಆರಿದ ಚಹಾದ ಲೋಟದ ಕೆಳಗಿಟ್ಟರು.