ಕಾಲರಿನ ಒಳಗಿನ ಹಸಿರು ಹೊಲಿಗೆ

ಸೊಸೆಯದು ಒಂದು ಕಟ್ಟುನಿಟ್ಟು ಇತ್ತು. ವಾಪಸ್ ಬಂದ ಪಾರ್ಸೆಲನ್ನು ಮೊಬೈಲ್ ಕ್ಯಾಮೆರಾದ ಮುಂದೆಯೇ ಒಡೆಯಬೇಕು. ಟೇಪು ಕತ್ತರಿಸುವುದರಿಂದ ಹಿಡಿದು ಒಳಗಿನದನ್ನು ಕೊಡವಿ ತೋರಿಸುವವರೆಗೆ ಎಲ್ಲವೂ ಒಂದೇ ವಿಡಿಯೋದಲ್ಲಿ ಬರಬೇಕು, ನಡುವೆ ಯಾರೂ ಕೆಮ್ಮುವಂತೆಯೂ ಇಲ್ಲ. ಆನ್‌ಲೈನಿನಲ್ಲಿ ಸ್ವೆಟರ್ ಮಾರುವವರಿಗೆ ನಾಳೆ ತಕರಾರು ಬಂದರೆ ಅದೊಂದೇ ಸಾಕ್ಷಿ ಎಂದು ಅವಳ ವಾದ. ಮೊಬೈಲ್ ಹಿಡಿದು ನಿಲ್ಲುವ ಕೆಲಸ ಅತ್ತೆಯದು. ಅವರು ಅದನ್ನು ತುಂಬಿದ ಹಾಲಿನ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆ ಮಧ್ಯಾಹ್ನ ವಾಪಸ್ ಬಂದದ್ದು ಕಂದು ಬಣ್ಣದ ಸ್ವೆಟರ್. 'ಹೆಣಿಗೆ ಕೆಟ್ಟಿದೆ, ಬೇಡ' ಎಂದು ಕೊಂಡವಳು ಕಾರಣ ಬರೆದಿದ್ದಳು. ಸೊಸೆ ಅದನ್ನು ಹೆಗಲ ಬಳಿ ಹಿಡಿದು ಎತ್ತಿದ್ದೇ ತಡ, ತನ್ನ ಕಟ್ಟುನಿಟ್ಟನ್ನು ತಾನೇ ಮರೆತು ಕೂಗಿದಳು.

"ಅಯ್ಯೋ, ಇದ್ಯಾವ ಅವತಾರ ಅತ್ತೆ! ಒಂದು ತೋಳು ಮೊಣಕೈಗೇ ಮುಗಿದಿದೆ, ಇನ್ನೊಂದು ಮಂಡಿವರೆಗೆ ಬಂದಿದೆ. ಬೆನ್ನಲ್ಲಿ ಬೆರಳು ತೂರೋ ಅಷ್ಟು ತೂತು. ನೋಡಿ, ನೋಡಿ!"

ಅತ್ತೆ ನೋಡಿದರು. ಅವರಿಗೆ ಕಂಡದ್ದು ಬಣ್ಣವಿಲ್ಲದ ಒಂದು ಮಸುಕು ಮಾತ್ರ.

ಆ ಮಸುಕಿನ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಮ್ಮಿಗೆ ಔಷಧಿ ತರುತ್ತೇನೆಂದು ಹೇಳಿ ಅವರು ಒಬ್ಬರೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರದ ತೊಂದರೆ, ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅತ್ತೆ ದಾರಿಯಲ್ಲಿ ಒಂದು ಕೆಮ್ಮಿನ ಸಿರಪ್ಪು ಕೊಂಡು ಮನೆಗೆ ಬಂದರು. ಬೇಡದ ಸಿರಪ್ಪನ್ನು ಪೂರ್ತಿ ಕುಡಿದು ಮುಗಿಸಿದರು, ಸುಳ್ಳೆಂದರೆ ಅಷ್ಟು ಅಚ್ಚುಕಟ್ಟು.

ಹೇಳದಿರಲು ಕಾರಣವಿತ್ತು. ಅಂಗಡಿಯ ಹೆಸರೇ 'ಅತ್ತೆ ಕೈ'. ಅದರ ಪುಟ ತೆರೆದರೆ ಮೊದಲು ಕಾಣುವುದು ಹೆಣಿಗೆಯ ಕಡ್ಡಿ ಹಿಡಿದ ಅವರ ಎರಡು ಕೈಗಳ ಫೋಟೋ. ಗಂಡ ಹೋದ ಮೇಲೆ ಮೂಲೆಯ ಕುರ್ಚಿಯಲ್ಲಿ ಮೂಟೆಯಂತೆ ಕೂತಿದ್ದವರನ್ನು ಈ ಸೊಸೆಯೇ ಎಬ್ಬಿಸಿ, ನೂಲು ತಂದು ಕೊಟ್ಟು, ಲೋಕಕ್ಕೆ ತೋರಿಸಿದ್ದಳು. ಕಣ್ಣಿಲ್ಲ ಎಂದರೆ ಮತ್ತೆ ಅದೇ ಮೂಲೆ, ಅದೇ ಕುರ್ಚಿ. ಅದನ್ನು ನೆನೆದರೆ ಅತ್ತೆಗೆ ಅನ್ನ ಸೇರುತ್ತಿರಲಿಲ್ಲ.

ಸೊಸೆ ಆಗಲೇ ಸ್ವೆಟರನ್ನು ಒಳಹೊರಗು ಮಾಡಿ ಕಾಲರು ತಿರುವುತ್ತಿದ್ದಳು. "ಹಸಿರು ಹೊಲಿಗೆ ಇಲ್ಲ ಅತ್ತೆ! ನಂಗೆ ಆಗ್ಲೇ ಗೊತ್ತಿತ್ತು. ನಮ್ಮದನ್ನ ಇಟ್ಕೊಂಡು ಯಾವುದೋ ದರಿದ್ರದ್ದನ್ನ ಕಳಿಸಿದ್ದಾಳೆ."

ಹಿಂದೊಮ್ಮೆ ಹಾಗೆಯೇ ಆಗಿತ್ತು. ಯಾರೋ ಒಬ್ಬ ಮಹಾನುಭಾವ ಇವರ ಸ್ವೆಟರ್ ಉಳಿಸಿಕೊಂಡು ಮಶಿನ್ನಿನ ಹಳೇ ಸ್ವೆಟರನ್ನು ವಾಪಸ್ ಕಳಿಸಿದ್ದ. ಅಂದಿನಿಂದ ಪ್ರತಿ ಸ್ವೆಟರಿಗೂ ಕಾಲರಿನ ಒಳಗೆ, ಕತ್ತಿನ ಹಿಂಭಾಗಕ್ಕೆ ಬರುವ ಕಡೆ, ಹಸಿರು ನೂಲಿನ ಒಂದು ಅಡ್ಡ ಹೊಲಿಗೆ ಹಾಕುವ ಕ್ರಮ ಶುರುವಾಯಿತು. ಗುಟ್ಟು ಅತ್ತೆ ಸೊಸೆಗೆ ಮಾತ್ರ ಗೊತ್ತು. ಉಪಾಯ ಹೇಳಿಕೊಟ್ಟದ್ದೂ ಅತ್ತೆಯೇ.

"ಬಿಡೋದಿಲ್ಲ ಇವಳನ್ನ," ಎಂದು ಸೊಸೆ ಮೊಬೈಲ್ ಕಿತ್ತುಕೊಂಡಳು. ಸಾಮಾನು ಬದಲಾಯಿಸಿದ್ದಾಳೆಂದು ಮಾರಾಟದ ಆ್ಯಪಿಗೆ ದೂರು ಕೊಟ್ಟರೆ ಸಾಕು, ಕೊಂಡವಳಿಗೆ ಹಣವೂ ಸಿಗುವುದಿಲ್ಲ, ಮುಂದೆ ಅಲ್ಲಿ ಏನನ್ನೂ ಕೊಳ್ಳಲು ಬಿಡುವುದಿಲ್ಲ. ದೂರು ಸುಳ್ಳಾದರೆ ಮಾರುವವರ ಅಂಗಡಿಗೇ ಬೀಗ. ಆದರೆ ಸೊಸೆಗೆ ಆ ಭಯ ಎಲ್ಲಿಂದ ಬರಬೇಕು, ಅವಳ ಕೋಪಕ್ಕೆ ಮೂಗಿನ ತುದಿಯೇ ಮನೆ. ದೂರನ್ನು ಟಕಟಕ ಬರೆದು ಕಳಿಸುತ್ತಾ ಹೊರಗಿನ ಕೋಣೆಗೆ ಹೋದಳು.

ಅತ್ತೆ ಮೇಜಿನ ಬಳಿ ಒಬ್ಬರೇ ಉಳಿದರು. ಕೈ ತಾನಾಗಿ ಸ್ವೆಟರಿನ ಮೇಲೆ ಹೋಯಿತು. ತೋಳಿನ ಅಂಚಿಗೆ ಬಂದಾಗ ಬೆರಳು ನಿಂತಿತು. ಅಂಚು ಮುಗಿಸುವಾಗ ನೂಲನ್ನು ಎರಡು ಸಲ ಹಿಂದಕ್ಕೆ ತಿರುವುವುದು ಅವರ ಚಾಳಿ. ಅವರ ತಾಯಿ ಬೈದರೂ ಬಿಡದ ಚಾಳಿ. ಆ ತಿರುವು ಇಲ್ಲಿತ್ತು. ಬೆರಳು ಕಾಲರಿನ ಒಳಗೆ ಸರಿಯಿತು. ಕತ್ತಿನ ಹಿಂಭಾಗದಲ್ಲಿ, ಇರಬೇಕಾದ ಜಾಗದಲ್ಲೇ, ಅಕ್ಕಿಕಾಳಿನಷ್ಟು ಉಬ್ಬು ಸಿಕ್ಕಿತು. ಅಡ್ಡ ಹೊಲಿಗೆ.

ಹೇಗಾಯಿತೆಂದು ಅವರಿಗೆ ಆ ಕ್ಷಣವೇ ಹೊಳೆಯಿತು. ಹಸಿರು ಉಂಡೆ ಯಾವಾಗಲೂ ಬಿಸ್ಕತ್ತಿನ ಡಬ್ಬಿಯ ಎಡಗಡೆ ಇರುತ್ತಿತ್ತು, ಅವರು ನೋಡದೆಯೇ ತೆಗೆಯುತ್ತಿದ್ದರು. ಸೊಸೆ ಒಂದು ದಿನ ಡಬ್ಬಿಯನ್ನು ಒಪ್ಪ ಮಾಡಿಬಿಟ್ಟಳು. ಆಮೇಲೆ ಯಾವುದು ಹಸಿರು ಎಂದು ಕೇಳುವುದು ಹೇಗೆ? ಕೇಳಿದರೆ ಗುಟ್ಟು ರಟ್ಟು. ಎಡಗಡೆ ಸಿಕ್ಕಿದ ನೂಲಿನಲ್ಲೇ ಹೊಲಿಗೆ ಹಾಕಿದರು. ಅದು ಕಂದು ಇರಬೇಕು. ಕಂದಿನ ಮೇಲೆ ಕಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವಾರ ಸೊಸೆ ಜ್ವರದಲ್ಲಿ ಮಲಗಿದ್ದಳು. ತೋಳುಗಳನ್ನು ಒಂದಕ್ಕೊಂದು ಹಿಡಿದು ನೋಡದೆ ಅವಸರದಲ್ಲಿ ಮಡಿಸಿ ಚೀಲಕ್ಕೆ ಹಾಕಿದ್ದು ಅತ್ತೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊರಿಯರಿಗೆ ಕೊಟ್ಟದ್ದು ಮಗ. ಹೊರಡುವ ಮೊದಲು ಕಣ್ಣಿದ್ದವರು ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ.

ಸುಮ್ಮನಿದ್ದುಬಿಡಬಹುದು ಎಂದು ಅತ್ತೆಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಆಸೆ ಹೋಗಲಿಲ್ಲ. ಕಂಡು ಕೇಳರಿಯದ ಯಾವಳೋ ಒಬ್ಬಳು. ಒಂದು ಸ್ವೆಟರಿನಿಂದ ಅವಳ ಬದುಕೇನು ಮುಳುಗುವುದಿಲ್ಲ. ತಾನು ಇನ್ನು ಮುಂದೆ ಹುಷಾರಾಗಿ ಹೆಣೆದರಾಯಿತು. ಸ್ವೆಟರಿನ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದು ಸೆರಗಿನೊಳಗೆ ಇಟ್ಟುಕೊಂಡರು.

ಸೊಸೆ ನಗುತ್ತಾ ಬಂದಳು, ಒಳ್ಳೆಯ ನಗುವಲ್ಲ. "ದೂರಿಗೆ ಅವಳ ಉತ್ತರ ಬಂತು ಅತ್ತೆ. ಏನು ಧೈರ್ಯ ಅಂತೀರಿ! ಕೇಳಿ. 'ನಮ್ಮಪ್ಪ ಕಳೆದ ಚಳಿಗಾಲ ಪೂರ್ತಿ ನಿಮ್ಮ ಸ್ವೆಟರನ್ನೇ ಹಾಕಿದ್ದರು, ಅದಕ್ಕೇ ಇನ್ನೊಂದು ತರಿಸಿದೆ. ನಾನು ಬೇಡ ಅಂದಿದ್ದೇನೆಯೇ ಹೊರತು ಕದ್ದಿಲ್ಲ. ಫೋಟೋದಲ್ಲಿ ಕೈ ಕಾಣುವ ಆ ಅಮ್ಮನನ್ನೇ ಕೇಳಿ. ಅವರು ಅಲ್ಲ ಅಂದರೆ ಒಪ್ಪಿಕೊಳ್ತೀನಿ.' ಹೇಗಿದೆ? ನಿಮ್ಮನ್ನೇ ಸಾಕ್ಷಿಗೆ ಕರೀತಿದ್ದಾಳೆ!"

ಅತ್ತೆ ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆಯಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ಒಂದೇ ಮಾತು ಹೇಳಿ ಸಾಕು, ಇದು ನನ್ನ ಕೈಯದಲ್ಲ ಅಂತ. ವಿಡಿಯೋ ಕಳಿಸಿ ಬಾಯಿ ಮುಚ್ಚಿಸ್ತೀನಿ." ಸೊಸೆ ಮೊಬೈಲನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿ, ಸ್ವೆಟರನ್ನು ಅವರ ಮಡಿಲಿಗೆ ಹಾಕಿದಳು. "ಹ್ಞೂ, ಶುರು."

ಅತ್ತೆ ಬಾಯಿ ತೆರೆದರು. ಎದುರಿಗೆ ಬರೀ ಬೆಳಕಿನ ಮಸುಕು. ಅದರಾಚೆ, ಅಪ್ಪನಿಗೆಂದು ಸ್ವೆಟರ್ ತರಿಸಿ ಈಗ ಅವರ ಮಾತನ್ನೇ ನಂಬಿ ಕಾಯುತ್ತಿದ್ದ ಒಬ್ಬಳು ಮಗಳು.

"ಇಲ್ಲಿ ಬಾ," ಎಂದರು. "ಬೆರಳು ಕೊಡು."

"ಅತ್ತೆ, ವಿಡಿಯೋ ಓಡ್ತಿದೆ."

"ಓಡ್ಲಿ ಬಿಡು. ನೀನು ಬೆರಳು ಕೊಡು ಮೊದ್ಲು." ಸೊಸೆಯ ತೋರುಬೆರಳನ್ನು ಹಿಡಿದು ಕಾಲರಿನ ಒಳಗೆ, ಆ ಉಬ್ಬಿನ ಮೇಲೆ ಇಟ್ಟರು. "ಸಿಕ್ತಾ?"

ಸೊಸೆ ಬಗ್ಗಿದಳು. ಉಗುರಿನಿಂದ ಎಬ್ಬಿಸಿ ನೋಡಿದಳು. "ಹೊಲಿಗೆ ಇದೆ. ಆದ್ರೆ ಹಸಿರಲ್ಲವಲ್ಲ ಅತ್ತೆ ಇದು."

"ನಾನು ಹಸಿರು ಅಂದ್ಕೊಂಡೇ ಹಾಕಿದ್ದು ಕಣೇ."

ಸೊಸೆ ಎದ್ದು ಬಿಸ್ಕತ್ತಿನ ಡಬ್ಬಿ ತಂದಳು. ಒಂದು ಉಂಡೆಯನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು. "ಇದ್ಯಾವ ಬಣ್ಣ?" ಇಷ್ಟು ದಿನ ಇಂಥ ಪ್ರಶ್ನೆಗಳಿಗೆಲ್ಲ ಅತ್ತೆ ಅಂದಾಜಿನಲ್ಲಿ ಏನೋ ಒಂದು ಹೇಳಿ ಪಾರಾಗಿದ್ದರು. ಈ ಸಲ ಅಂದಾಜು ಮಾಡಲಿಲ್ಲ.

"ಗೊತ್ತಾಗಲ್ಲ."

"ನನ್ನ ಮುಖ?"

"ಅದೂ ಈಗೀಗ ಸರಿಯಾಗಿ ಕಾಣಲ್ಲ."

ಉಂಡೆ ಕೆಳಗೆ ಬಿದ್ದು ಉರುಳಿತು. ಸೊಸೆ ಕೂಗಾಡಲಿಲ್ಲ, ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ಕೂಗಾಡಿದ್ದರೆ ಅತ್ತೆಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಿಟಕಿಗೆ ಹೋಗಿ ಮೊಬೈಲ್ ತೆಗೆದುಕೊಂಡು ಬರೆಯತೊಡಗಿದಳು. ಈ ಸಲ ಟಕಟಕ ಇರಲಿಲ್ಲ. ಒಂದೊಂದೇ ಅಕ್ಷರ ಒತ್ತುತ್ತಿದ್ದಳು.

"ಏನಂತ ಬರೀತಿದ್ದೀಯ?"

"ಸ್ವೆಟರ್ ನಮ್ಮದೇ, ತಪ್ಪೂ ನಮ್ಮದೇ ಅಂತ."

"ಅಂಗಡಿ?"

"ದೂರು ಸುಳ್ಳಾಯ್ತಲ್ಲ, ಮುಚ್ಚಿಸ್ತಾರೇನೋ. ನೋಡೋಣ." ಸೊಸೆಯ ದನಿ ಒಡೆದಿತ್ತು.

ಅತ್ತೆ ಮಡಿಲಿನ ಸ್ವೆಟರನ್ನು ಮಡಿಸಿ ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಕೈಯಾಡಿಸಿ ಹೆಣಿಗೆಯ ಕಡ್ಡಿಗಳನ್ನು ಹುಡುಕಿ ಜೋಡಿಸಿ, ಸೊಸೆ ನಿಂತಿದ್ದಾಳೆ ಅನ್ನಿಸಿದ ಕಡೆಗೆ, ಒಪ್ಪಿಸಿಬಿಡುವವರಂತೆ ಚಾಚಿದರು. ಅವಳು ಅಲ್ಲಿರಲಿಲ್ಲ. ಆಗಲೇ ಅವರ ಬೆನ್ನ ಹಿಂದೆ ಬಂದು ನಿಂತಿದ್ದಳು, ಆ ಕಡ್ಡಿಗಳನ್ನು ತೆಗೆದುಕೊಳ್ಳಲಾರದೆ.