ಅಪ್ಪನ ಕೋವಿ

"ಸುಕೇಶಾ, ಮಂಗ ಬಂತು!"

ಬೇಬಿ ಹಿತ್ತಲಿನಿಂದ ಹೀಗೆ ಕೂಗಿದಾಗ ಅವಳ ಗಂಡ ಭೋಜ ನಾಲ್ಕು ಮಾರು ದೂರದಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದ. ಗಂಡ ಕಣ್ಣೆದುರೇ ಇರುವಾಗ ಮೈದುನನನ್ನು ಕರೆಯುತ್ತಾಳೆ! ಪಕ್ಕದ ಮನೆಯಿಂದ ಸುಕೇಶ ಬಂದ, ಕೋವಿಯನ್ನು ಆಕಾಶಕ್ಕೆ ಹಿಡಿದು ಒಂದು ಗುಂಡು ಹಾರಿಸಿದ. ಮಂಗಗಳು ದಿಕ್ಕಾಪಾಲಾದವು. ಭೋಜನ ಮಗಳು ತೃಷಾ ಚಿಕ್ಕಪ್ಪನಿಗೆ ಚಪ್ಪಾಳೆ ತಟ್ಟಿದಳು. ಭೋಜನಿಗೆ ಹೊಟ್ಟೆ ಉರಿಯಿತು.

ಅದು ಅಪ್ಪನ ಕೋವಿ, ಬೆಳೆ ಕಾಯಲು ಲೈಸೆನ್ಸು ಪಡೆದದ್ದು. ಅಪ್ಪ ತೀರಿಕೊಂಡಾಗ ಭೋಜ ಮಸ್ಕತ್ತಿನಲ್ಲಿದ್ದ. ಲೈಸೆನ್ಸು ಒಬ್ಬ ಮಗನ ಹೆಸರಿಗೆ ಆಗಬೇಕು, ಇನ್ನೊಬ್ಬ ಆಕ್ಷೇಪವಿಲ್ಲವೆಂದು ಬರೆದುಕೊಡಬೇಕು. ಆ ತುಕ್ಕು ಕಬ್ಬಿಣ ಯಾರಿಗೆ ಬೇಕೆಂದು ಭೋಜ ಸಹಿ ಹಾಕಿ ಕಳಿಸಿದ್ದ. ಕುಕ್ಕುಂದೂರಿಗೆ ಮರಳಿ ನೋಡಿದರೆ ಆ ಕಬ್ಬಿಣಕ್ಕೆ ಎಲ್ಲಿಲ್ಲದ ಮರ್ಯಾದೆ. ಹಂದಿ ಬಂದರೆ ಸುಕೇಶ, ಮಂಗ ಬಂದರೆ ಸುಕೇಶ, ಮದುವೆಮನೆಯಲ್ಲಿ ಮುಂದಿನ ಕುರ್ಚಿಯೂ ಸುಕೇಶನಿಗೆ.

ಆಮೇಲೆ ಭೋಜ ದೊಡ್ಡ ತತ್ವವಾದಿಯಾದ.

"ಪೊಲೀಸರನ್ನು ಬಿಟ್ಟು ಬೇರೆ ಯಾರ ಕೈಯಲ್ಲೂ ಕೋವಿ ಇರಬಾರದು," ಎಂದು ವಿಠಲನ ಹೋಟೆಲಿನಲ್ಲಿ ವಾದಿಸಿದ. "ಮನುಷ್ಯನಿಗೆ ಸಿಟ್ಟು ಯಾವಾಗ ಬರ್ತದೆ ಅಂತ ಹೇಳ್ಲಿಕ್ಕೆ ಆಗ್ತದಾ?"

"ಹಂದಿ ಬಂದರೆ ಪೊಲೀಸರಿಗೆ ಫೋನ್ ಮಾಡುವುದಾ ಮಾರಾಯ?" ವಿಠಲ ಚಾ ಎತ್ತಿ ಹೊಯ್ಯುತ್ತ ನಕ್ಕ. "ಲೈಸೆನ್ಸು ನಿನ್ನ ಹೆಸರಿಗೆ ಆಗಿದ್ದರೆ ಹೀಗೇ ಹೇಳ್ತಿದ್ದೆಯಾ?"

ಭೋಜ ಚಾ ಅರ್ಧಕ್ಕೇ ಬಿಟ್ಟು ಎದ್ದ. ಅವನ ಮಾತೇನೂ ತೆಗೆದುಹಾಕುವಂಥದ್ದಲ್ಲ, ಆದರೆ ಅದನ್ನು ಆಡಿಸುತ್ತಿದ್ದದ್ದು ಹೊಟ್ಟೆಕಿಚ್ಚು.

ಬೇಬಿ ಮನೆಯಲ್ಲಿಲ್ಲದ ಹೊತ್ತಿಗೆ, ಲೈಸೆನ್ಸಿನ ನವೀಕರಣಕ್ಕೆ ನೆರೆಯವರ ಹೇಳಿಕೆ ಬೇಕೆಂದು ಪೊಲೀಸ್ ಪೇದೆಯೊಬ್ಬರು ಬಂದರು. ನೆರೆಯವನೆಂದರೆ ಭೋಜನೇ.

"ನಿಮ್ಮ ತಮ್ಮ ಹೇಗೆ? ಕುಡಿತ, ಜಗಳ ಎಂತದಾದರೂ ಉಂಟಾ?"

"ಕುಡಿತ ಇಲ್ಲ," ಎಂದ ಭೋಜ. ಒಂದು ಕ್ಷಣ ತಡೆದು, "ಸಿಟ್ಟು ಉಂಟು. ಒಮ್ಮೆ ಜಾಗದ ವಿಷಯಕ್ಕೆ ನನ್ನ ಮೇಲೆಯೇ ಕೋವಿ ಎತ್ತಿದ್ದ," ಎಂದ.

ಅಂಥದ್ದು ನಡೆದೇ ಇರಲಿಲ್ಲ. ಪೇದೆ ಬರೆದುಕೊಂಡರು, ಭೋಜ ಸಹಿ ಹಾಕಿದ. ವಾರದೊಳಗೆ ಕೋವಿ ಠಾಣೆ ಸೇರಿತು. ಅಂದು ಭೋಜ ವಿಠಲನಲ್ಲಿ ಎರಡು ಪ್ಲೇಟು ಗೋಳಿಬಜೆ ತಿಂದ.

ಹತ್ತು ದಿನ ಕಳೆದು ಒಂದು ಮಧ್ಯಾಹ್ನ ಮಂಗಗಳು ಮತ್ತೆ ಬಂದವು. "ನಾನಿಲ್ವಾ?" ಎಂದು ಭೋಜ ಕೋಲು ಹಿಡಿದು ಓಡಿದ. ಎಷ್ಟು ಬೊಬ್ಬೆ ಹಾಕಿದರೂ ಅವು ಜಗ್ಗಲಿಲ್ಲ. ಗಡವ ಮಂಗವೊಂದು ಎಳನೀರಿನ ಬೊಂಡ ಕಚ್ಚಿ ನೀರು ಕುಡಿದು, ಸಿಪ್ಪೆಯನ್ನು ಅವನ ಕಾಲಬುಡಕ್ಕೇ ಎಸೆಯಿತು.

"ಸುಕೇಶಾ!" ಬೇಬಿ ಕೂಗಿದಳು.

ಸುಕೇಶ ಬರಿಗೈಯಲ್ಲೇ ಬಂದ. ಹಳೆಯ ಡಬ್ಬ ಬಡಿಯುತ್ತ, ಕೂಗುತ್ತ, ಮರದಿಂದ ಮರಕ್ಕೆ ಓಡಿ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಅಟ್ಟಿದ. ಬೇಬಿ ಅವನಿಗೆ ಬೆಲ್ಲ, ನೀರು ತಂದುಕೊಟ್ಟಳು. ಕೋವಿ ಹೋದ ಮೇಲೂ ಅವಳ ಬಾಯಿಗೆ ಅದೇ ಹೆಸರು ಬರುತ್ತದಲ್ಲ ಎಂದು ಭೋಜ ಒಳಗೊಳಗೇ ಕುದಿದ.

"ಅಣ್ಣ," ಸುಕೇಶ ಬೆವರು ಒರೆಸಿಕೊಂಡ. "ಯಾರೋ ಠಾಣೆಯಲ್ಲಿ ನನ್ನ ಮೇಲೆ ಇಲ್ಲದ್ದು ಹೇಳಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ಆ ಹೇಳಿಕೆ ಓದಿ ಹೇಳ್ತಾರಂತೆ. ನನಗೆ ಅಲ್ಲೆಲ್ಲ ಮಾತಾಡ್ಲಿಕ್ಕೆ ಬರುವುದಿಲ್ಲ. ನೀನು ಜೊತೆಗೆ ಬರ್ತೀಯಾ?"

"ಬಾರದೆ ಎಂತ? ಒಡಹುಟ್ಟಿದವರು ಅಲ್ವಾ," ಎಂದಳು ಬೇಬಿ. "ನಾನೂ ಬರ್ತೇನೆ. ಹಾಗೆ ಹೇಳಿದವ ಯಾರು ಅಂತ ನನಗೂ ನೋಡಬೇಕು."

ಭೋಜ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಸುಕೇಶ ಬಗ್ಗಿ ಅದನ್ನು ಎತ್ತಿ, ಮಣ್ಣು ಒರೆಸಿ, ಅಣ್ಣನ ಕೈಗೆ ಕೊಟ್ಟ.