ಕೆಂಪು ಮುಚ್ಚಳ

ತಣ್ಣಗಿದೆ ಹತ್ತಿ, ಹೊಟ್ಟೆಗೆ ತಾಗಿದ್ದೇ ದೊಡ್ಡವಳ ಮೈ ಜುಂ ಎಂದಿತು, ನರ್ಸಮ್ಮ ಎರಡು ಬೆರಳಲ್ಲಿ ಚರ್ಮವನ್ನು ಮಡಿಕೆ ಹಿಡಿದಳು, ಥೇಟ್ ಅಮ್ಮ ಲಂಗದ ಅಂಚು ಹಿಡಿಯುತ್ತಿದ್ದ ಹಾಗೆ, ಇನ್ನು ಸೂಜಿ ಇಳಿಯಬೇಕು, ಇಳಿಯಿತು — ಅಲ್ಲಾಡಬೇಡಿ ಅಜ್ಜೀ, ನಿಧಾನಕ್ಕೆ ಬಿಡ್ತೀನಿ, ಐದೇ ನಿಮಿಷ. ಐದೇ ನಿಮಿಷವೇ? ಹೋದ ಸಲದವರೆಗೂ ಇದೇ ಮದ್ದು ಕೈಯ ನರಕ್ಕೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು, ಬೆಳಗ್ಗೆ ಕೂತರೆ ಏಳುವಾಗ ಮಧ್ಯಾಹ್ನ, ಮೈಯೊಳಗಿನ ಕಾವಲುಪಡೆಗೆ ಕ್ಯಾನ್ಸರನ್ನು ತೋರಿಸಿಕೊಡುವ ಮದ್ದು ಎಂದಿದ್ದರು ಡಾಕ್ಟರು, ಗಂಟು ಕರಗ್ತಾ ಇದೆ ಅಜ್ಜೀ, ಇನ್ನು ಚರ್ಮದಡಿಗೇ ಕೊಡೋಣ, ಬೇಗ ಮನೆಗೆ ಹೋಗಬಹುದು, ಖುಷಿ ತಾನೇ? ಖುಷಿಯೇ, ಹೂಂ ಅಂದಿದ್ದಳು, ಆದರೆ ಪಕ್ಕದ ಕುರ್ಚಿಯಲ್ಲಿ ತಂಗಿ, ತಂಗಿಯ ಮಡಿಲಲ್ಲಿ ಫ್ಲಾಸ್ಕು, ಕೆಂಪು ಮುಚ್ಚಳ — ಅಮ್ಮನದು. ಹೊಲಿಗೆ ಅಂಗಡಿಯಲ್ಲಿ ಮೂವರಿಗೂ ಅದೊಂದೇ ಮುಚ್ಚಳ, ಅಮ್ಮ ಕುಡಿದು ದೊಡ್ಡವಳು ಕುಡಿದು ಚಿಕ್ಕವಳ ಪಾಲಿಗೆ ತಳದ ಟೀ, ನಂಗೆ ಯಾವಾಗ್ಲೂ ಗಸಿನೇ ಎಂದು ಮೂತಿ ಉಬ್ಬಿಸುತ್ತಿದ್ದಳು, ಅಮ್ಮ ಹೋದ ಮೇಲೆ ಮಿಷನ್ನು ನೀನೇ ಇಟ್ಕೊಳ್ಳೇ, ನಂಗೆ ಫ್ಲಾಸ್ಕ್ ಸಾಕು, ಎಂದು ಎದ್ದು ಹೋದವಳು ತಲೆ ಹಾಕಿದ್ದು ಕಾಯಿಲೆಯ ಸುದ್ದಿ ಕಿವಿಗೆ ಬಿದ್ದ ಮೇಲೆಯೇ, ಅದೂ ಆಸ್ಪತ್ರೆಗೆ, ಮನೆಯ ಹೊಸ್ತಿಲಿಗಲ್ಲ. ಮೊದಲ ದಿನ ಪಕ್ಕದಲ್ಲಿ ಕೂತು ಹನಿ ಬೀಳುವುದನ್ನೇ ನೋಡಿದಳು, ಎದ್ದು ಹೋಗೋಣವೆಂದರೆ ದೊಡ್ಡವಳನ್ನು ಕೊಳವೆ ಬಿಡದು, ಚಿಕ್ಕವಳನ್ನು ನಾಚಿಕೆ ಬಿಡದು, ಕೊನೆಗೆ ಮುಚ್ಚಳ ತಿರುಗಿಸಿ, ತಗೋ, ಮೊದಲು ನೀನೇ ಕುಡಿ, ಹಳೇ ಅಭ್ಯಾಸ ತಾನೇ, ಎಂದು ಚುಚ್ಚಿದಳು, ಚುಚ್ಚಿ ನಕ್ಕಳು, ಆಮೇಲೆ ಒಂದೊಂದು ಬಾಟಲಿ ಇಳಿಯುವಷ್ಟರಲ್ಲಿ ಎಷ್ಟು ಮಾತು — ಮದುಮಗಳ ರವಿಕೆಗೆ ಎರಡೂ ಎಡತೋಳೇ ಹೊಲಿದಿಟ್ಟದ್ದು, ಅಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬೈದದ್ದು, ಬೈಗುಳ ಅರ್ಥವಾಗದೆ ಇಬ್ಬರೂ ಬಿದ್ದು ಬಿದ್ದು ನಕ್ಕದ್ದು — ಈಗ ಐದು ನಿಮಿಷದಲ್ಲಿ ಯಾವ ಮಾತು ಹಿಡಿದೀತು, ಮುಂದಿನ ಸಲ ತಂಗಿ ಯಾಕಾದರೂ ಬಂದಾಳು, ಇಷ್ಟು ಬೇಗ ಯಾರು ಕೇಳಿದ್ದರು — ಮುಗೀತು ಅಜ್ಜೀ. ಅಷ್ಟೇನಾ, ಎನ್ನುತ್ತಾಳೆ ತಂಗಿ, ಫ್ಲಾಸ್ಕ್ ತುಂಬಾ ತಂದಿದ್ನಲ್ಲೇ, ಅವಳ ಹೆಬ್ಬೆರಳು ಆಗಲೇ ಮುಚ್ಚಳದ ಮೇಲಿದೆ, ಇಲ್ಲೇ ಕುಡಿದರೆ ಇಲ್ಲಿಗೇ ಮುಗಿಯಿತು, ಹೇಳು, ಇಷ್ಟು ವರ್ಷ ನುಂಗಿದ್ದು ಸಾಲದೇ, ಹೇಳು — ಇಲ್ಲಿ ಬೇಡ ಕಣೇ, ಮನೆಗೆ ಹೋಗಿ ಕುಡಿಯೋಣ, ಗಸಿ ನಂಗಿರ್ಲಿ. ಅಂದೇಬಿಟ್ಟಳೇ ತಾನು? ತಂಗಿ ನೋಡುತ್ತಾಳೆ, ಹೆಬ್ಬೆರಳು ತಿರುಗುತ್ತದೆ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ, ಇನ್ನೊಂದು ಸುತ್ತು, ಕೆಂಪು ಮುಚ್ಚಳ, ಬಿಗಿಯುತ್ತಿದೆ, ಕೆಂಪು ಮುಚ್ಚಳ